ಚದುರಂಗದ ಕಾಳುಗಳ ಲೆಕ್ಕ ಮತ್ತು ಪಾರಿ ಜಿಪಿ: ಒಂದು ತಂತ್ರಾಂಶ ವಿಮರ್ಶೆ

ಯಾವುದೇ ಸಂಖ್ಯೆಯನ್ನು ಕೊಟ್ಟರೂ ಅದರ ಗುಣಗಳನ್ನೆಲ್ಲ ಹೇಳುತ್ತೇನೆಂದು ಪ್ರಚಾರ ಮಾಡಿಕೊಳ್ಳುವ ಒಂದು ಮೊಬೈಲ್ ಆ್ಯಪನ್ನು ಕೆಲವು ತಿಂಗಳ ಹಿಂದೆ ಇಳಿಸಿಕೊಂಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಪರೀಕ್ಷೆಗೆಂದು ನಾನು ಕೊಟ್ಟದ್ದು ನಮಗೆಲ್ಲ ಪರಿಚಿತವಾದ ಚದುರಂಗದ ಲೆಕ್ಕ: ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ ಇಡುತ್ತ ಹೋದರೆ ಅರವತ್ತನಾಲ್ಕು ಮನೆಗಳಿಗೆ ಒಟ್ಟು ಎಷ್ಟು ಕಾಳು ಬೇಕು ಎಂಬುದು. ಉತ್ತರ ಎರಡರ 64ನೆಯ ಘಾತಕ್ಕಿಂತ ಒಂದು ಕಡಿಮೆ, ಅಂದರೆ 18446744073709551615. ಆ್ಯಪ್ ತೋರಿಸಿದ್ದು 18446744073709552000. ಅದರ ಕೆಳಗೆ, ‘ಇದು ಸಮಸಂಖ್ಯೆ’ ಎಂಬ ವಿವರಣೆ ಬೇರೆ.

ಎರಡರ ಯಾವ ಘಾತದಿಂದ ಒಂದನ್ನು ಕಳೆದರೂ ಬೆಸಸಂಖ್ಯೆಯೇ ಉಳಿಯುತ್ತದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಹೇಳಬಲ್ಲರು. ತಪ್ಪಿನ ಮೂಲವೇನೂ ನಿಗೂಢವಲ್ಲ. ಇಂಥ ಆ್ಯಪ್‌ಗಳು ಸಂಖ್ಯೆಯನ್ನು 64 ಬಿಟ್‌ಗಳ ‘ಫ್ಲೋಟಿಂಗ್ ಪಾಯಿಂಟ್’ ನಮೂನೆಯಲ್ಲಿ ಇಟ್ಟುಕೊಳ್ಳುತ್ತವೆ. ಅದರಲ್ಲಿ ಅಂಕಿಗಳಿಗೆಂದು ಸಿಗುವುದು 53 ಬಿಟ್‌ಗಳು ಮಾತ್ರ. 9007199254740992ರಾಚೆಗೆ ಎಲ್ಲ ಪೂರ್ಣಾಂಕಗಳಿಗೂ ಆ ನಮೂನೆಯಲ್ಲಿ ಜಾಗವಿಲ್ಲದ ಕಾರಣ, ಜಾಗ ಸಿಗದ ಸಂಖ್ಯೆ ಹತ್ತಿರದ ಇನ್ನೊಂದು ಸಂಖ್ಯೆಯ ಮನೆಗೆ ಹೋಗಿ ಕೂರುತ್ತದೆ. ಕಚೇರಿಗಳಲ್ಲಿ ಬಳಸುವ ಸ್ಪ್ರೆಡ್‌ಶೀಟ್‌ಗಳೂ ಸಾಮಾನ್ಯವಾಗಿ 15 ಅಂಕಿಗಳ ನಂತರ ಸೊನ್ನೆ ತುಂಬಿ ಕೈ ತೊಳೆದುಕೊಳ್ಳುತ್ತವೆ. ಬ್ಯಾಂಕಿನ ಬಡ್ಡಿಗೂ ಮನೆ ಕಟ್ಟುವ ಅಂದಾಜಿಗೂ ಇದರಿಂದ ತೊಂದರೆಯಿಲ್ಲ. ಆದರೆ ಒಂದು ಸಂಖ್ಯೆ ಬೆಸವೋ ಸಮವೋ, ಯಾವುದರಿಂದ ಭಾಗವಾಗುತ್ತದೆ, ಅವಿಭಾಜ್ಯವೋ ಅಲ್ಲವೋ ಎಂದು ಕೇಳುವವನಿಗೆ ಮೊದಲ ಅಂಕಿಯಷ್ಟೇ ಕೊನೆಯ ಅಂಕಿಯೂ ಮುಖ್ಯ. ಹತ್ತೊಂಬತ್ತು ಅಂಕಿ ಸರಿಯಿದ್ದು ಇಪ್ಪತ್ತನೆಯದು ತಪ್ಪಿದರೆ ಅದು ಬೇರೆಯೇ ಸಂಖ್ಯೆ.

ಈ ಅನುಭವದ ಬಳಿಕ ನಾನು ಬಳಸಲು ತೊಡಗಿದ್ದು ‘ಪಾರಿ ಜಿಪಿ’ ಎಂಬ ತಂತ್ರಾಂಶವನ್ನು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಆನ್ರಿ ಕೋಹೆನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಆರಂಭಿಸಿದ ಈ ತಂತ್ರಾಂಶ, ಪೂರ್ಣಾಂಕಗಳ ಗುಣಗಳನ್ನು ಅರಸುವ ಸಂಖ್ಯಾಸಿದ್ಧಾಂತಕ್ಕೆಂದೇ ರೂಪುಗೊಂಡಿದ್ದು, ಇಂದಿಗೂ ಬೋರ್ಡೋ ವಿಶ್ವವಿದ್ಯಾಲಯದವರು ಮತ್ತು ಸ್ವಯಂಸೇವಕರು ಅದನ್ನು ಬೆಳೆಸುತ್ತ ಬಂದಿದ್ದಾರೆ. ಇದು ಮುಕ್ತ ತಂತ್ರಾಂಶ. ಬೆಲೆ ಇಲ್ಲ, ಜಾಹೀರಾತಿಲ್ಲ, ನೋಂದಣಿಯ ಕಾಟವೂ ಇಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಏನನ್ನೂ ಸ್ಥಾಪಿಸಲು ಇಷ್ಟವಿಲ್ಲದವರು ಅದರ ತಾಣದಲ್ಲಿ ಬ್ರೌಸರಿನೊಳಗೇ ಪ್ರಯೋಗಿಸಿ ನೋಡಬಹುದು. ಹಳೆಯ ಲ್ಯಾಪ್‌ಟಾಪಿಗೂ ಇದು ಹೊರೆಯಲ್ಲ.

ತೆರೆದಾಗ ಕಾಣುವುದು ಅಕ್ಷರಗಳಷ್ಟೇ ಇರುವ ಪರದೆ, ಪರಿಚಯದ ನಾಲ್ಕಾರು ಸಾಲು ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ. ಬಟನ್‌ಗಳಿಲ್ಲ, ಮೆನು ಇಲ್ಲ. ಆ ಚಿಹ್ನೆಯ ಮುಂದೆ ನಾವು ಕೇಳಬೇಕು, ಅದು ಉತ್ತರಿಸಬೇಕು, ಅಷ್ಟೇ. ಎರಡರ 64ನೆಯ ಘಾತದಿಂದ ಒಂದನ್ನು ಕಳೆಯಲು ಹೇಳಿದೆ. ಇಪ್ಪತ್ತು ಅಂಕಿಗಳೂ ಸರಿಯಾಗಿ ಬಂದವು. ಕ್ರಿ.ಶ. 1000ರ ಆಸುಪಾಸಿನಲ್ಲಿ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಇದೇ ಮೊತ್ತವನ್ನು ಕೈಯಲ್ಲಿ ಲೆಕ್ಕ ಹಾಕಿದ್ದ. ಎರಡನ್ನು ಆರು ಬಾರಿ ವರ್ಗಗೊಳಿಸುತ್ತ ಹೋದರೆ, ಅಂದರೆ 2, 4, 16, 256, 65536, 4294967296 ಎಂದು ಏರುತ್ತ ಹೋದರೆ, 64ನೆಯ ಘಾತ ಕೈಗೆ ಬರುತ್ತದೆ. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿ ಬರೆದರೆ ಮೊತ್ತ 1,84,46,74,40,73,70,95,51,615 ಆಗುತ್ತದೆ. ಬಾಯಲ್ಲಿ ಹೇಳುವುದಾದರೆ ಸುಮಾರು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿ.

ಮುಂದಿನದು ಅಪವರ್ತನ. ‘ಫ್ಯಾಕ್ಟರ್’ ಎಂಬ ಆಜ್ಞೆ ಕೊಟ್ಟೊಡನೆ ಎರಡು ಕಂಬಸಾಲುಗಳ ಪಟ್ಟಿ ಬರುತ್ತದೆ: ಎಡಕ್ಕೆ ಅವಿಭಾಜ್ಯ ಅಪವರ್ತನಗಳು, ಬಲಕ್ಕೆ ಅವುಗಳ ಘಾತಗಳು. ನಮ್ಮ ಸಂಖ್ಯೆಗೆ ಬಂದ ಎಡಸಾಲು ಹೀಗಿದೆ: 3, 5, 17, 257, 641, 65537, 6700417. ಬಲಸಾಲಿನಲ್ಲಿ ಏಳೂ ಕಡೆ ಒಂದೇ ಒಂದು. ಈ ಪಟ್ಟಿಯನ್ನು ಸುಮ್ಮನೆ ಓದಿ ಮುಂದೆ ಹೋಗುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ತುಸು ನಿಂತು ನೋಡಿದರೆ, ಇದರೊಳಗೆ ಗಣಿತದ ಒಂದು ಹಳೆಯ ಸೋಲಿನ ಕಥೆಯೇ ಅಡಗಿದೆ.

ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ, ಎರಡರ 1, 2, 4, 8, 16ನೆಯ ಘಾತಗಳಿಗೆ ಒಂದೊಂದು ಕೂಡಿಸಿದಾಗ ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯಗಳಾಗಿರುವುದನ್ನು ಕಂಡು, ಘಾತವನ್ನು ಹೀಗೆಯೇ ಇಮ್ಮಡಿಸುತ್ತ ಹೋದರೆ ಮುಂದಿನವೂ ಅವಿಭಾಜ್ಯಗಳೇ ಆಗುತ್ತವೆಂದು ನಂಬಿದ್ದ. ಮುಂದಿನದು ಎರಡರ 32ನೆಯ ಘಾತಕ್ಕೆ ಒಂದು ಕೂಡಿಸಿದ 4294967297. ಇದು 641ರಿಂದ ಭಾಗವಾಗುತ್ತದೆಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟ, ಭಾಗಲಬ್ಧವೇ 6700417. ಅಂದರೆ ಚದುರಂಗದ ಹಾಸಿನ ಕಾಳುಗಳ ಮೊತ್ತದಲ್ಲಿ ಫರ್ಮಾ ಸರಿಯಾಗಿ ಗುರುತಿಸಿದ ಐದು ಅವಿಭಾಜ್ಯಗಳೂ ಇವೆ, ಅವನನ್ನು ಎಡವಿಸಿದ ಎರಡೂ ಇವೆ. ಇದು ಆಕಸ್ಮಿಕವಲ್ಲ. ಒಂದು ವರ್ಗದಿಂದ ಒಂದನ್ನು ಕಳೆದದ್ದು ಎರಡು ಅಪವರ್ತನಗಳಾಗಿ ಒಡೆಯುತ್ತದೆ ಎಂಬ ಶಾಲೆಯ ಸೂತ್ರವನ್ನೇ ಮತ್ತೆ ಮತ್ತೆ ಬಳಸಿದರೆ, ಎರಡರ 64ನೆಯ ಘಾತದಿಂದ ಒಂದನ್ನು ಕಳೆದದ್ದು 3, 5, 17, 257, 65537, 4294967297 ಎಂಬ ಈ ಆರು ಫರ್ಮಾ ಸಂಖ್ಯೆಗಳ ಗುಣಲಬ್ಧವೇ ಎಂಬುದು ಕಾಗದದ ಮೇಲೆ ನಾಲ್ಕು ಸಾಲಿನಲ್ಲಿ ಸಿದ್ಧವಾಗುತ್ತದೆ.

641 ಆಯ್ಲರನಿಗೆ ಸಿಕ್ಕಿದ ಬಗೆಯನ್ನೂ ಈ ತಂತ್ರಾಂಶದಲ್ಲಿ ಮರುನಡೆಸಿ ನೋಡಬಹುದು. 4294967297ರ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳನ್ನು ಸಾಲಾಗಿ ಬರೆದರೆ 193, 257, 449, 577, 641. ಐದನೆಯ ಪ್ರಯತ್ನಕ್ಕೇ ಉತ್ತರ ದೊರೆಯುತ್ತದೆ. ಭಾಗಿಸಿ ನೋಡದೆಯೂ ಇದನ್ನು ಸಾಧಿಸುವ ದಾರಿಯೊಂದಿದೆ. 641 ಎಂದರೆ ಐದರ ನಾಲ್ಕನೆಯ ಘಾತಕ್ಕೆ ಎರಡರ ನಾಲ್ಕನೆಯ ಘಾತವನ್ನು ಕೂಡಿಸಿದ್ದು, 625 ಮತ್ತು 16. ಅದೇ 641, ಐದನ್ನು 128ರಿಂದ ಗುಣಿಸಿ ಒಂದು ಕೂಡಿಸಿದ್ದೂ ಹೌದು. ಈ ಎರಡು ರೂಪಗಳನ್ನು ಎದುರುಬದುರು ಇಟ್ಟರೆ, ಎರಡರ 32ನೆಯ ಘಾತವನ್ನು 641ರಿಂದ ಭಾಗಿಸಿದಾಗ ಶೇಷವಾಗಿ ಋಣ ಒಂದು ಉಳಿಯುವುದು, ಅಂದರೆ ಒಂದು ಕೂಡಿಸಿದರೆ ನಿಶ್ಶೇಷವಾಗುವುದು, ತಾನಾಗಿಯೇ ಕಾಣುತ್ತದೆ. ತಂತ್ರಾಂಶಕ್ಕೆ 641ರ ಮಟ್ಟಿಗೆ ಎರಡರ ಆವರ್ತ ಎಷ್ಟು, ಅಂದರೆ ಎರಡರ ಎಷ್ಟನೆಯ ಘಾತವನ್ನು 641ರಿಂದ ಭಾಗಿಸಿದಾಗ ಮೊದಲ ಬಾರಿಗೆ ಶೇಷ ಒಂದು ಬರುತ್ತದೆ, ಎಂದು ಕೇಳಿದರೆ 64 ಎನ್ನುತ್ತದೆ. ಹಾಸಿನ ಮನೆಗಳೆಷ್ಟೋ ಅಷ್ಟು!

ಇನ್ನು ಉಳಿದ ಗುಣಗಳು. ಏಳು ಬೇರೆ ಬೇರೆ ಅವಿಭಾಜ್ಯಗಳಿರುವುದರಿಂದ ಭಾಜಕಗಳ ಸಂಖ್ಯೆ ಎರಡರ ಏಳನೆಯ ಘಾತ, 128. ಅವುಗಳ ಮೊತ್ತ 31421980989189888768. ಇದು ಮೂಲ ಸಂಖ್ಯೆಯ ಎರಡರಷ್ಟನ್ನು ಮುಟ್ಟುವುದಿಲ್ಲವಾದ್ದರಿಂದ ನಮ್ಮ ಸಂಖ್ಯೆ ಪರಿಪೂರ್ಣವಲ್ಲ, ನ್ಯೂನ ಸಂಖ್ಯೆ. ಅಂಕಿಗಳ ಮೊತ್ತ 87. ದ್ವಿಮಾನದಲ್ಲಿ ಬರೆದರೆ ಸಾಲಾಗಿ ಅರವತ್ತನಾಲ್ಕು ಒಂದುಗಳು. ಅದರೊಂದಿಗೆ ಯಾವ ಸಾಮಾನ್ಯ ಅಪವರ್ತನವೂ ಇಲ್ಲದ ಚಿಕ್ಕ ಸಂಖ್ಯೆಗಳೆಷ್ಟೆಂದು ಕೇಳಿದಾಗ ಬಂದ ಉತ್ತರ 9208981628670443520, ಅಂದರೆ ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಮೊದಲ ಐದು ಫರ್ಮಾ ಅವಿಭಾಜ್ಯಗಳಷ್ಟೇ ಇದ್ದಿದ್ದರೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗುತ್ತಿತ್ತು. ಅದನ್ನು ಅರ್ಧದಿಂದ ಕೆಳಕ್ಕೆ ತಳ್ಳುವುದು ಮತ್ತೆ ಅದೇ 641.

ನನಗೆ ಬಹಳ ಹಿಡಿಸಿದ ಪ್ರಯೋಗವೆಂದರೆ ಹಾಸಿನ ಮನೆಗಳನ್ನು ಹೆಚ್ಚುಕಡಿಮೆ ಮಾಡುವುದು. ಅರವತ್ತೊಂದನೆಯ ಮನೆಗೇ ಕಾಳು ಇಡುವುದನ್ನು ನಿಲ್ಲಿಸಿದರೆ ಆ ತನಕದ ಒಟ್ಟು 2305843009213693951, ಮತ್ತು ಅದು ಅವಿಭಾಜ್ಯ. ಅಷ್ಟು ಕಾಳುಗಳನ್ನು ಎಷ್ಟು ಜನರಿಗೂ ಸಮವಾಗಿ ಹಂಚಲಾಗದು, ಒಬ್ಬನೇ ತೆಗೆದುಕೊಳ್ಳಬೇಕು ಇಲ್ಲವೇ ತಲೆಗೊಂದು ಕಾಳು ಕೊಡಬೇಕು. ಮತ್ತೆ ಮೂರು ಮನೆ ಮುಂದುವರಿದರೆ ಹಂಚಲು 128 ದಾರಿಗಳು ತೆರೆಯುತ್ತವೆ. ಹಾಸಿಗೆ ಇನ್ನೂ ಮೂರು ಮನೆ ಸೇರಿಸಿ 67 ಮಾಡಿದರೆ ಮೊತ್ತ 147573952589676412927. ಇದಕ್ಕೆ ಅವಿಭಾಜ್ಯ ಅಪವರ್ತನಗಳು ಎರಡೇ, 193707721 ಮತ್ತು 761838257287. ಇದನ್ನು 1903ರಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಪ್ರಕಟಿಸಿದವನು ಫ್ರಾಂಕ್ ಕೋಲ್. ಕೋಲ್ ಬಹುಕಾಲ ಬೆವರು ಸುರಿಸಿ ಪಡೆದದ್ದನ್ನು ನನ್ನ ಲ್ಯಾಪ್‌ಟಾಪ್ ಎಂಟರ್ ಕೀಲಿಯಿಂದ ಬೆರಳೆತ್ತುವುದರೊಳಗೆ ಕೊಟ್ಟಿತು. ಇದನ್ನು ಕಂಡು ಸಂತೋಷವಾಯಿತೋ ಸಂಕೋಚವಾಯಿತೋ ಹೇಳಲಾರೆ.

ತಂತ್ರಾಂಶದ ಪ್ರಾಮಾಣಿಕತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಕೇಳಲು ಇಲ್ಲಿ ಎರಡು ಬೇರೆ ಆಜ್ಞೆಗಳಿವೆ. ‘ಈಸ್‌ಪ್ರೈಮ್’ ಎಂಬುದು ಸಾಧನೆ, ಅಂದರೆ ಗಣಿತದ ಪುರಾವೆ, ಸಿಕ್ಕಿದ ಮೇಲಷ್ಟೇ ಹೌದೆನ್ನುತ್ತದೆ. ‘ಈಸ್‌ಸೂಡೋಪ್ರೈಮ್’ ಎಂಬುದು ಬೇಗನೆ ನಡೆಯುವ ಒಂದು ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗಿಯೂ ಅವಿಭಾಜ್ಯವಲ್ಲದ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲವಾದರೂ, ಅಂಥದ್ದು ಇಲ್ಲವೇ ಇಲ್ಲ ಎಂಬುದಕ್ಕೆ ಸಾಧನೆಯೂ ಇಲ್ಲ. ಒಂದು ಮೇರೆಯ ಕೆಳಗೆ ಮಾತ್ರ ಅಂಥ ಸಂಖ್ಯೆ ಇಲ್ಲವೆಂದು ಪರಿಶೀಲಿಸಿ ಖಚಿತಪಡಿಸಲಾಗಿದೆ, ಮತ್ತು ಆ ಮೇರೆ ಬೇರಾವುದೂ ಅಲ್ಲ, ಎರಡರ 64ನೆಯ ಘಾತ. ಚದುರಂಗದ ಹಾಸಿನೊಳಗಿನ ಸಂಖ್ಯೆಗಳಿಗೆಲ್ಲ ಬೇಗನೆಯ ಪರೀಕ್ಷೆಯೇ ಸಾಧನೆಗೆ ಸಮ. ಹಾಸಿನ ಆಚೆಗೆ ಅದು ಬಲವಾದ ನಂಬಿಕೆ ಮಾತ್ರ. ಈ ಭೇದವನ್ನು ಮರೆಮಾಚದೆ ಬಳಸುವವನ ಮುಂದಿಡುವ ತಂತ್ರಾಂಶಗಳು ವಿರಳ. ಹಾಗೆಂದು, ‘ಫ್ಯಾಕ್ಟರ್’ ಆಜ್ಞೆ ಕೊಡುವ ದೊಡ್ಡ ಅಪವರ್ತನಗಳು ತಾವಾಗಿಯೇ ಸಾಧನೆಗೊಂಡು ಬಂದಿರುವುದಿಲ್ಲ. ಸಾಧನೆ ಬೇಕೆಂದರೆ ಸೆಟ್ಟಿಂಗಿನಲ್ಲಿ ಅದನ್ನು ಬೇರೆಯಾಗಿ ಕೇಳಬೇಕು. ಕೈಪಿಡಿಯಲ್ಲಿ ಇದನ್ನು ಹೇಳಿದ್ದಾರೆ, ಆದರೆ ಕೈಪಿಡಿ ಓದುವವರೆಷ್ಟು ಜನ?

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಲೆಕ್ಕಗಳನ್ನು ಇದರಲ್ಲಿ ಹಾಕಿ ನೋಡದಿರಲು ಮನಸ್ಸು ಒಪ್ಪಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಕೊಟ್ಟದ್ದು 7686369774870 ಮತ್ತು 2465099745779 ಎಂಬ, ತೋಚಿದಂತೆ ಆರಿಸಿದ ಎರಡು ಹದಿಮೂರಂಕಿಯ ಸಂಖ್ಯೆಗಳು. 28 ಸೆಕೆಂಡುಗಳಲ್ಲಿ ಅವರು ಹೇಳಿದ ಗುಣಲಬ್ಧ 18947668177995426462773730. ತಂತ್ರಾಂಶವೂ ಅದನ್ನೇ ಹೇಳುತ್ತದೆ. ಆರಿಸಿದವರ ಗಮನಕ್ಕೆ ಬಂದಿತ್ತೋ ಇಲ್ಲವೋ, ಎರಡನೆಯ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಮೊದಲನೆಯದು 30ರಿಂದ. ಹಾಗಾಗಿ ಗುಣಲಬ್ಧ 330ರ ಗುಣಕ. ಇದನ್ನು ಯಂತ್ರವಿಲ್ಲದೆ, ಅಂಕಿಗಳನ್ನು ಕೂಡಿ ಕಳೆದು, ಬಸ್ಸಿಗೆ ಕಾಯುತ್ತ ನಿಂತವರೂ ಪರೀಕ್ಷಿಸಬಹುದು. 1977ರಲ್ಲಿ ಡಲ್ಲಾಸಿನ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಕಂಡುಹಿಡಿದು ಹೇಳಿದ್ದರು. ಆ ಉತ್ತರ 546372891. ಒಂದರಿಂದ ಒಂಬತ್ತರವರೆಗಿನ ಅಂಕಿಗಳೆಲ್ಲ ಇದರಲ್ಲಿ ಒಂದೊಂದೇ ಸಲ ಬಂದಿರುವುದನ್ನು ಗಮನಿಸಿ. ಇದನ್ನು 23ನೆಯ ಘಾತಕ್ಕೇರಿಸಿ ಅಂಕಿ ಎಣಿಸಲು ತಂತ್ರಾಂಶಕ್ಕೆ ಹೇಳಿದೆ: ಸರಿಯಾಗಿ 201.

ನಮ್ಮ ನಾಡಿಗೆ ದೊಡ್ಡ ಸಂಖ್ಯೆಗಳ ಸಲಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ, ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ, ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಚದುರಂಗದ ಮೊತ್ತಕ್ಕೆ ಇಪ್ಪತ್ತು ಸ್ಥಾನ ಸಾಕು. ಕೊರಳ ಹಾರದಂತೆ ಎರಡೂ ಕಡೆಯಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನೂ ಅವನು ಕೊಟ್ಟಿದ್ದು, ಅವುಗಳಲ್ಲೊಂದು 27994681ನ್ನು 441ರಿಂದ ಗುಣಿಸಿದಾಗ ಬರುವ 12345654321. ಮೊದಲನೆಯ ಸಂಖ್ಯೆಯ ಅಪವರ್ತನ ಕೇಳಿದರೆ 11, 13, 37, ಮೂರಕ್ಕೂ ಘಾತ ಎರಡು ಎಂದು ಬರುತ್ತದೆ. 441 ಎಂದರೆ 21ರ ವರ್ಗ. ಎಲ್ಲವನ್ನೂ ಸೇರಿಸಿದರೆ ಸಿಗುವುದು 111111ರ ವರ್ಗ. ಹಾರ ಕಟ್ಟಿದ ದಾರ ಕಾಣಿಸಿತು.

ಇನ್ನು ಕೊರತೆಗಳು. ಅಲ್ಪವಿರಾಮ ಹಾಕಿ ಬರೆದ ಸಂಖ್ಯೆಯನ್ನು ಪಾರಿ ಜಿಪಿ ಸ್ವೀಕರಿಸುವುದಿಲ್ಲ, ಉತ್ತರಗಳಲ್ಲಿಯೂ ವಿರಾಮಗಳಿರುವುದಿಲ್ಲ. ಮೂವತ್ತು ಅಂಕಿಗಳ ಸಾಲನ್ನು ಕಣ್ಣಿನಿಂದ ಓದಿ ಹೋಲಿಸುವುದು ಶ್ರಮದ ಕೆಲಸ. ಕನ್ನಡದ ಅಂಕಿಗಳು ಅದಕ್ಕೆ ತಿಳಿಯವು. ಆಜ್ಞೆಗಳೆಲ್ಲ ರೋಮನ್ ಲಿಪಿಯಲ್ಲೇ ಟೈಪಾಗಬೇಕು, ಸಹಾಯದ ಪುಟಗಳು ಇಂಗ್ಲಿಷಿನಲ್ಲಿವೆ, ಅದೂ ಸಂಖ್ಯಾಸಿದ್ಧಾಂತದ ಪದವೀಧರರನ್ನು ಮನಸ್ಸಿನಲ್ಲಿಟ್ಟುಕೊಂಡ ಇಂಗ್ಲಿಷಿನಲ್ಲಿ. ಲೆಕ್ಕ ದೊಡ್ಡದಾದಾಗ ಅದು ಬಳಸುವ ಸ್ಮೃತಿಯ (ಮೆಮೊರಿ) ಮಿತಿಯನ್ನು ನಾವೇ ಹೆಚ್ಚಿಸಬೇಕಾಗುವ ಸಂದರ್ಭಗಳಿವೆ. ಹೊಸಬರಿಗೆ ಆಗ ಬರುವ ದೋಷಸೂಚನೆ ಗಾಬರಿ ಹುಟ್ಟಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳದ ಹೊರತು ಇದು ಏನನ್ನೂ ಹೇಳುವುದಿಲ್ಲ. ಸಂಖ್ಯೆ ಕೊಟ್ಟರೆ ಅದನ್ನೇ ತಿರುಗಿಸಿ ಕೊಟ್ಟು ಸುಮ್ಮನಾಗುತ್ತದೆ. ಗುಣಗಳ ಪಟ್ಟಿಯನ್ನು ತಾನಾಗಿ ಬಡಿಸುವ ತಾಣಗಳಿಗೆ ಒಗ್ಗಿದವರಿಗೆ ಇದು ಒರಟಾಗಿ ಕಾಣುವುದು ಸಹಜ. ನನ್ನ ಮಟ್ಟಿಗೆ, ಸುಳ್ಳು ಬಡಿಸುವುದಕ್ಕಿಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ಮೌನವಾಗಿರುವುದು ವಾಸಿ. ಹೈಸ್ಕೂಲಿನ ಗಣಿತ ಶಿಕ್ಷಕರಿಗೂ, ಭಾಜಕ ಶೇಷಗಳಲ್ಲಿ ಆಸಕ್ತಿಯಿರುವ ಪಿಯುಸಿ ವಿದ್ಯಾರ್ಥಿಗಳಿಗೂ ಇದನ್ನು ಧಾರಾಳವಾಗಿ ಸೂಚಿಸುತ್ತೇನೆ. ಬರೀ ಕೂಡಿ ಕಳೆಯುವ ಕೆಲಸವಿದ್ದವರು ಇದರ ಗೊಡವೆಗೆ ಹೋಗಬೇಕಾಗಿಲ್ಲ.

ಕೊನೆಯದಾಗಿ ಫರ್ಮಾನ ಸಾಲಿನಲ್ಲಿ ಬಹಳ ಮುಂದಿರುವ ಒಂದನ್ನು ಕೊಟ್ಟು ನೋಡಿದೆ: ಎರಡರ 4096ನೆಯ ಘಾತಕ್ಕೆ ಒಂದು ಕೂಡಿಸಿದ್ದು, 1234 ಅಂಕಿಗಳ ಸಂಖ್ಯೆ. ಹತ್ತು ಲಕ್ಷದವರೆಗಿನ ಅಪವರ್ತನಗಳನ್ನಷ್ಟೇ ಹುಡುಕೆಂದು ಮಿತಿ ಹಾಕಿದಾಗ 114689 ಎಂಬುದು ಒಡನೆಯೇ ಸಿಕ್ಕಿತು. ಅದರ ಕೆಳಗಿನ ಸಾಲಿನಲ್ಲಿ 1228 ಅಂಕಿಗಳ ಒಂದು ಗುಡ್ಡೆ ಉಳಿಯಿತು. ಆ ಗುಡ್ಡೆ ಅವಿಭಾಜ್ಯವಲ್ಲ ಎಂಬ ಗುರುತನ್ನು ಪಟ್ಟಿಯಲ್ಲಿ ಎಲ್ಲಿಯೂ ಹಾಕದಿರುವುದು ಸರಿಯಲ್ಲ. ತಿಳಿಯದವರು ಅದನ್ನೂ ಅವಿಭಾಜ್ಯವೆಂದೇ ಓದಿಕೊಂಡಾರು. ಬಳಿಕ ಮಿತಿಯನ್ನು ತೆಗೆದುಹಾಕಿ ಪೂರ್ತಿ ಒಡೆಯಲು ಹೇಳಿದೆ. ಪ್ರಶ್ನಾರ್ಥಕ ಚಿಹ್ನೆ ಮರಳಿ ಬರಲಿಲ್ಲ. ಊಟ ಮುಗಿಸಿ ಬಂದು ನೋಡಿದಾಗಲೂ ಲ್ಯಾಪ್‌ಟಾಪಿನ ಫ್ಯಾನು ತಿರುಗುತ್ತಲೇ ಇತ್ತು. ಆ ಸಂಖ್ಯೆಯನ್ನು ಪೂರ್ತಿಯಾಗಿ ಒಡೆಯುವುದು ಜಗತ್ತಿನಲ್ಲಿ ಇದುವರೆಗೆ ಯಾರಿಂದಲೂ ಆಗಿಲ್ಲವೆಂಬುದು ನನಗೆ ಮೊದಲೇ ತಿಳಿದಿದ್ದುದರಿಂದ, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ಆ ದುಡಿಮೆಯಿಂದ ಬಿಡಿಸಿದೆ.